ಬದಲಿ ಲೈನು

ಬಾಚಣಿಗೆ ಅವಳ ಕೈಯಲ್ಲಿತ್ತು, ಮಗಳ ತಲೆ ಮಾತ್ರ ಅಕ್ಕನ ಎರಡು ಮೊಣಕಾಲುಗಳ ನಡುವೆ ಇತ್ತು. ಈಗ ತಾನೇ ‘ಬಾರೇ, ಇವತ್ತು ನಾನು ಜಡೆ ಹಾಕ್ತೀನಿ’ ಎಂದು ಕರೆದಿದ್ದಳು. ಮಗಳು ಒಲ್ಲೆ ಅನ್ನಲಿಲ್ಲ. ಒಲ್ಲೆ ಅಂದಿದ್ದರೆ ಎಷ್ಟೋ ವಾಸಿ, ಗದರಿಸಿ ರಟ್ಟೆ ಹಿಡಿದು ಕೂರಿಸಿಕೊಳ್ಳಬಹುದಿತ್ತು. ‘ಪರವಾಗಿಲ್ಲಮ್ಮ, ನಿನಗೆ ಆಫೀಸಿಗೆ ಲೇಟಾಗುತ್ತೆ’ ಎಂದು ಪಕ್ಕದ ಮನೆಯ ಹೆಂಗಸಿಗೆ ಹೇಳುವಷ್ಟು ನಯವಾಗಿ ಹೇಳಿ, ನೇರ ಹೋಗಿ ಅಕ್ಕನ ಮುಂದೆ ಕುಕ್ಕರಿಸಿದಳು. ಕೂತದ್ದೇ ತಡ, ಮನೆಯ ಚಾವಣಿ ಹಾರಿಹೋಗುವ ಹಾಗೆ ರಾಗ ಶುರು. ‘ದೊಡ್ಡಮ್ಮಾ, ಎಳೀಬೇಡ! ಎಷ್ಟು ಸಲ ಹೇಳ್ಬೇಕು ನಿಂಗೆ?’ ‘ಅಲ್ಲಾಡದೆ ಕೂತ್ಕೊಳ್ಳೇ ಕೋತಿ, ಇಲ್ಲಾಂದ್ರೆ ನನ್ನ ಕತ್ತರಿ ತಗೊಂಡು ಬರ್ತೀನಿ.’ ‘ತಗೊಂಡ್ ಬಾ ನೋಡೋಣ!’ ಜಗಳವಾಡಲು ಅಕ್ಕ, ಮರ್ಯಾದೆ ಕೊಡಲು ತಾನು. ಹೆತ್ತವಳಿಗೆ ನ್ಯಾಯವಾಗಿ ಸಿಗಬೇಕಾದ ಸಿಡುಕೆಲ್ಲ ದೊಡ್ಡಮ್ಮನ ಪಾಲಾಗಿತ್ತು. ಅವಳು ಬಾಚಣಿಗೆಯನ್ನು ಕಿಟಕಿಯಲ್ಲಿಟ್ಟು ಅಡುಗೆಮನೆಗೆ ಹೋದಳು.

ಅಲ್ಲೂ ಅವಳಿಗೆ ಕೆಲಸವಿರಲಿಲ್ಲ. ಮೂವರ ಊಟದ ಡಬ್ಬಿಗಳು ತುಂಬಿ, ಮುಚ್ಚಳ ಬಿಗಿದು ಸಾಲಾಗಿ ನಿಂತಿದ್ದವು. ಅಕ್ಕ ಗಿಡ್ಡ, ಅದಕ್ಕೇ ಮೇಲಿನ ಗೂಡಿನಲ್ಲಿದ್ದ ಡಬ್ಬಗಳೆಲ್ಲ ಕೆಳಗಿಳಿದಿದ್ದವು. ಕೆಳಗಿದ್ದವು ಎಲ್ಲಿಗೆ ಹೋದವೋ ಆ ದೇವರೇ ಬಲ್ಲ. ತನ್ನದೇ ಅಡುಗೆಮನೆಯಲ್ಲಿ ಒಂದು ಚಮಚ ಸಕ್ಕರೆಗೆ ಕಳ್ಳಿಯ ಹಾಗೆ ತಡಕಾಡಬೇಕು, ಎಲ್ಲಿದೆ ಎಂದು ಕೇಳಿದರೆ ಅಕ್ಕ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬಂದು ‘ನೀನು ಕೂತ್ಕೋ, ನಾನು ಕೊಡ್ತೀನಿ’ ಅನ್ನುತ್ತಾಳೆ. ಕೂತ್ಕೋ, ಕೂತ್ಕೋ. ಈ ಮನೆಯಲ್ಲಿ ಅವಳಿಗೆ ಬೇರೆ ಮಾತೇ ಉಳಿದಿಲ್ಲ. ಗಂಡ ಪೇಪರಿನ ಹಿಂದಿನಿಂದ ‘ಮಾತ್ರೆ ತಗೊಂಡ್ಯಾ?’ ಅಂದ. ತಗೊಂಡಾಗಿತ್ತು. ಆದರೂ ಇವನು ಒಂದು ಸಲವಾದರೂ ಬೈಯುತ್ತಾನೋ ನೋಡೋಣ ಅನ್ನಿಸಿ, ‘ಇಲ್ಲ, ಮರೆತೆ’ ಅಂದಳು. ಅವನು ಪೇಪರು ಮಡಿಸಿ, ಎದ್ದು, ಲೋಟದಲ್ಲಿ ನೀರು ತಂದು, ಮಾತ್ರೆ ಬಿಡಿಸಿ ಅಂಗೈಯಲ್ಲಿಟ್ಟು, ‘ಟೆನ್ಶನ್ ಮಾಡ್ಕೋಬೇಡ’ ಅಂದ. ಮೊದಲಾಗಿದ್ದರೆ ‘ತಲೆ ಎಲ್ಲಿಟ್ಟಿರ್ತೀಯಾ ನೀನು’ ಅಂತ ಕೂಗಾಡುತ್ತಿದ್ದ, ಅವಳೂ ಬಿಡುತ್ತಿರಲಿಲ್ಲ, ಇಬ್ಬರೂ ಮುಖ ಊದಿಸಿಕೊಂಡು ಹೊರಡುತ್ತಿದ್ದರು. ಅವನು ಬೆನ್ನು ತಿರುಗಿಸುವವರೆಗೆ ಅವಳು ಕಾದು, ಮಾತ್ರೆಯನ್ನು ಬಚ್ಚಲ ತೂತಿಗೆ ಹಾಕಿ ನೀರು ಬಿಟ್ಟಳು.

ಟೆನ್ಶನ್ ಅಂತೆ. ಅವಳಿಗೆ ಬಂದದ್ದು ಜ್ವರವಲ್ಲ, ನೋವಲ್ಲ. ಒಂದು ಬೆಳಿಗ್ಗೆ ಏಳಬೇಕು ಅನ್ನಿಸಲಿಲ್ಲ, ಅಷ್ಟೆ. ಮರುದಿನವೂ ಅನ್ನಿಸಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದಳು. ಗೋಡೆಯ ಬಣ್ಣ ಎದ್ದು ಅಂಗೈ ಅಗಲದ ಒಂದು ಜಾಗ ಕಾಣುತ್ತಿತ್ತು, ಅದನ್ನು ನೋಡುತ್ತಿದ್ದಳು. ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟರು, ಹೆಸರು ಸಿಕ್ಕಿದ್ದೇ ಎಲ್ಲರಿಗೂ ಸಮಾಧಾನವಾಯಿತು. ಆ ದಿನಗಳಲ್ಲೇ ಒಮ್ಮೆ ಮಗಳು ಬಾಗಿಲಲ್ಲಿ ನಿಂತು ‘ಅಮ್ಮಾ, ಹಸಿವು’ ಅಂದಿದ್ದಳು. ಅವಳಿಗೆ ಕೇಳಿಸಲಿಲ್ಲ ಎಂದು ಮನೆಯವರೆಲ್ಲ ಇವತ್ತಿಗೂ ನಂಬಿದ್ದಾರೆ. ಕೇಳಿಸಿತ್ತು. ಸ್ಪಷ್ಟವಾಗಿ ಕೇಳಿಸಿತ್ತು. ತಿರುಗಬೇಕು ಅಂದುಕೊಂಡಳು, ತಿರುಗಲಿಲ್ಲ. ಮಗು ಇನ್ನೊಂದು ಸಲ ಕರೆದು, ಸ್ವಲ್ಪ ಹೊತ್ತು ನಿಂತು, ಹೋಗಿಬಿಟ್ಟಿತು. ಮಾರನೆಯ ದಿನ ಅಕ್ಕ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ, ಒಂದು ಬ್ಯಾಗು ಹಿಡಿದು ಬಂದಿಳಿದಳು. ಅವತ್ತಿನಿಂದ ‘ದೊಡ್ಡಮ್ಮಾ, ಹಸಿವು’ ಆಯಿತು. ಈಗ ಅವಳು ಎದ್ದು, ಸ್ನಾನ ಮಾಡಿ, ಬಸ್ಸು ಹತ್ತಿ ಡ್ಯೂಟಿಗೆ ಹೋಗಲು ಶುರುಮಾಡಿ ಎಷ್ಟೋ ವಾರಗಳಾದವು. ಹಸಿವು ಮಾತ್ರ ಇನ್ನೂ ದೊಡ್ಡಮ್ಮನ ಹೆಸರಿನಲ್ಲೇ ಇದೆ.

ಟೆಲಿಫೋನ್ ಆಫೀಸಿನ ಮಷೀನ್ ರೂಮು ಎಂದಿನಂತೆ ತಣ್ಣಗೆ ಕೊರೆಯುತ್ತಿತ್ತು. ಆಳೆತ್ತರದ ಕಬ್ಬಿಣದ ಬೀರುಗಳ ಸಾಲು, ಒಳಗೆ ಒತ್ತಾಗಿ ಜೋಡಿಸಿದ ಸರ್ಕ್ಯೂಟ್ ಕಾರ್ಡುಗಳು, ಕಾರ್ಡಿಗೊಂದು ಪುಟ್ಟ ದೀಪ, ಮತ್ತೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಊಳಿಡುವ ಫ್ಯಾನುಗಳು. ಅವಳಿಲ್ಲದಾಗ ಅವಳ ಕೆಲಸ ನೋಡಿಕೊಂಡ ಹಿರಿಯ ಟೆಕ್ನಿಷಿಯನ್ ಆಗಲೇ ಅವಳ ಕುರ್ಚಿಯಲ್ಲಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದು, ‘ಕೂತ್ಕೊಳ್ಳಿ ಮೇಡಂ, ಕೂತ್ಕೊಳ್ಳಿ’ ಅಂದ. ಇಲ್ಲೂ ಅದೇ! ಯಾವ ಮಾತನ್ನೂ ‘ಸದ್ಯಕ್ಕೆ’ ಎಂದು ಶುರುಮಾಡುವುದು ಅವನ ಚಾಳಿ. ಆಫೀಸಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವನನ್ನು ‘ಸದ್ಯಕ್ಕೆ’ ಎಂದೇ ಕರೆಯುತ್ತಿದ್ದರು. ‘ಸದ್ಯಕ್ಕೆ ಎಲ್ಲಾ ಆರಾಮಿದೆ ಮೇಡಂ. ಸೋಮವಾರದ ತಾಲೀಮು ಕೂಡ ನಾನೇ ಮುಗಿಸ್ಬಿಟ್ಟೆ, ನಿಮಗ್ಯಾಕೆ ತೊಂದರೆ ಅಂತ.’ ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಆ ತಾಲೀಮು ಅವಳದು. ಮೇನ್ ಲೈನು, ಸ್ಟ್ಯಾಂಡ್‌ಬೈ ಲೈನು ಎಂದು ಎರಡು ಕೇಬಲ್ಲುಗಳು ಬೇರೆ ಬೇರೆ ರಸ್ತೆ ಹಿಡಿದು ಪಕ್ಕದ ಊರಿಗೆ ಹೋಗುತ್ತವೆ. ಹೊತ್ತುಕೊಂಡಿರುವ ಲೈನು ಕಡಿದುಹೋದರೆ ಯಂತ್ರ ತಾನೇ ತಿಳಿದುಕೊಂಡು ಅಷ್ಟೂ ಮಾತುಗಳನ್ನು ಇನ್ನೊಂದರ ಹೆಗಲಿಗೆ ದಾಟಿಸಿಬಿಡುತ್ತದೆ, ಮಾತಾಡುತ್ತಿರುವವರಿಗೆ ಕಣ್ಣು ಮಿಟುಕಿಸಿದಷ್ಟೂ ಗೊತ್ತಾಗುವುದಿಲ್ಲ. ಆದರೆ ಹೊತ್ತು ಬಂದಾಗ ಕೈಕೊಟ್ಟರೆ? ಅದಕ್ಕೇ ಸೋಮವಾರ ಬೆಳಿಗ್ಗೆ ಒಂದು ಸುಳ್ಳು ಕರೆ ಕಳಿಸುವುದು: ನಾನು ಬಿದ್ದರೆ ನೀನು ಬರುತ್ತೀಯಾ? ಆ ತುದಿಯಿಂದ ಉತ್ತರ ಬರುತ್ತದೆ: ಬರುತ್ತೇನೆ. ಏನೂ ಅಲುಗುವುದಿಲ್ಲ, ಯಾರೂ ಬೀಳುವುದಿಲ್ಲ. ಆ ಉತ್ತರ ಪರದೆಯ ಮೇಲೆ ಮೂಡುವುದನ್ನು ನೋಡಿದ ಮೇಲೇ ಅವಳು ವಾರದ ಮೊದಲ ಕಾಫಿ ಕುಡಿಯುತ್ತಿದ್ದುದು.

ಬೀರುವಿನ ಮುಂದೆ ನಿಂತು ನೋಡಿದಳು. ‘ಮೇನ್’ ಎಂದು ಅವಳದೇ ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದ್ದ ಚೀಟಿಯ ಪಕ್ಕದ ಕಾರ್ಡು ಸುಮ್ಮನಿತ್ತು. ‘ಸ್ಟ್ಯಾಂಡ್‌ಬೈ’ ಎಂದಿದ್ದ ಕಾರ್ಡಿನ ದೀಪ ಹಸಿರಾಗಿ ಪಟಪಟ ಮಿಂಚುತ್ತಿತ್ತು. ಅವಳು ಮಲಗಿದ್ದಾಗ ರಸ್ತೆ ಅಗೆಯುವವರು ಮೇನ್ ಕೇಬಲ್ಲನ್ನು ಕಡಿದಿದ್ದರು, ಯಂತ್ರ ತನ್ನ ಪಾಡಿಗೆ ತಾನು ಬದಲಿ ಲೈನಿಗೆ ದಾಟಿಸಿತ್ತು, ವಾರದೊಳಗೆ ಕೇಬಲ್ಲನ್ನು ಬೆಸೆದು ಸರಿಮಾಡಿದ್ದೂ ಆಯಿತು. ಆಮೇಲೆ ಯಾರೂ ಅದರ ತಂಟೆಗೆ ಹೋಗಿಲ್ಲ. ತಾನಾಗಿಯೇ ಅದು ಮರಳುವುದೂ ಇಲ್ಲ. ಹಾಗೆ ಮರಳಕೂಡದು ಎಂದು ಯಂತ್ರಕ್ಕೆ ಕಟ್ಟುಮಾಡಿ ಇಟ್ಟವಳು ಇವಳೇ. ವರ್ಷಗಳ ಹಿಂದೆ ಮೇನ್ ಲೈನು ಒಂದು ಗಳಿಗೆ ಸತ್ತು ಒಂದು ಗಳಿಗೆ ಬದುಕಿ ಇಡೀ ದಿನ ಅತ್ತಿಂದಿತ್ತ ಹಾರಾಡಿ ಮಾನ ತೆಗೆದಾಗ, ಇವಳೇ ಮೀಟಿಂಗಿನಲ್ಲಿ ಎದ್ದುನಿಂತು ವಾದಿಸಿದ್ದಳು: ಬದಲಿಗೆ ಹೋದದ್ದು ಬದಲಿಯಲ್ಲೇ ಇರಲಿ, ಒಬ್ಬ ಮನುಷ್ಯ ಕೂತು ನೋಡಿ, ‘ವಾಪಸ್ಸು ಹೋಗು’ ಎಂದು ಕೈಯಾರೆ ಆಜ್ಞೆ ಕೊಟ್ಟರೆ ಮಾತ್ರ ಮರಳಲಿ. ಎಲ್ಲರೂ ಭೇಷ್ ಅಂದಿದ್ದರು. ಭೇಷ್ ಅಂತೆ ಭೇಷ್.

ಸಾಹೇಬರ ಕೋಣೆಗೆ ಹೋಗಿ ‘ಮೇನ್ ಲೈನಿಗೆ ವಾಪಸ್ಸು ಹಾಕ್ಬಿಡೋಣ ಸಾರ್’ ಅಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ಬಾಯಿ ತೆರೆದರೆ ಕನ್ನಡಕ ಒರೆಸುವುದು ಈಚೆಗೆ ಅವರಿಗೆ ಅಭ್ಯಾಸವಾಗಿತ್ತು. ‘ಯಾಕಮ್ಮಾ? ಸ್ಟ್ಯಾಂಡ್‌ಬೈಯಲ್ಲಿ ಏನಾದ್ರೂ ತೊಂದ್ರೆನಾ?’ ‘ಇಲ್ಲ ಸಾರ್.’ ‘ಅದು ಕೈಕೊಟ್ರೆ ಮೇನ್ ಇದ್ದೇ ಇದೆಯಲ್ಲ, ತಾನಾಗೇ ಅಲ್ಲಿಗೆ ಹೋಗುತ್ತೆ.’ ‘ಹೋಗುತ್ತೆ ಸಾರ್.’ ‘ಮತ್ತೆ? ಎರಡೂ ಒಂದೇ ಅಲ್ವಾ? ಮೇನು ಸ್ಟ್ಯಾಂಡ್‌ಬೈ ಅನ್ನೋದೆಲ್ಲ ನಾವು ಅಂಟಿಸಿದ ಚೀಟಿ. ನಡೀತಿರೋದನ್ನ ಯಾಕೆ ಕೆದಕಬೇಕು?’ ಬಾಗಿಲ ಬಳಿ ಬಂದು ನಿಂತಿದ್ದ ಸದ್ಯಕ್ಕೆ ‘ಸದ್ಯಕ್ಕೆ ಇರ್ಲಿ ಸಾರ್’ ಎಂದು ಸೇರಿಸಿದ. ಅವಳ ಸಂಕಟವೂ ಅದೇ. ಸಾಹೇಬರು ಹೇಳಿದ್ದು ಅಕ್ಷರಶಃ ನಿಜ, ಎರಡು ಲೈನಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಕೆಲಸ ನಡೆಯುತ್ತಿದೆ, ಊಟದ ಡಬ್ಬಿ ತುಂಬುತ್ತಿದೆ, ಜಡೆ ಬೀಳುತ್ತಿದೆ, ಯಾರಿಗೂ ಏನೂ ಕಡಿಮೆಯಾಗಿಲ್ಲ. ಕೆಟ್ಟಿದ್ದರೆ ಸರಿಮಾಡಬಹುದು, ಕೆಡದೇ ಇರುವುದನ್ನು ಏನಂತ ಸರಿಮಾಡುವುದು? ‘ಆದ್ರೂ ಸಾರ್, ಅದು ಮೇನ್ ಲೈನು’ ಎಂದಳು. ಮಾತು ಹೊರಬಿದ್ದ ಮೇಲೆ ಅದು ಎಂಥ ಪೆದ್ದು ಮಾತು ಅನ್ನಿಸಿ ಕಿವಿ ಬಿಸಿಯಾಯಿತು. ಸಾಹೇಬರು ಕನ್ನಡಕ ಹಾಕಿಕೊಂಡು, ‘ನೀವು ಆರಾಮಾಗಿರಿ ಮೊದ್ಲು’ ಎಂದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವಳು ಟರ್ಮಿನಲ್ಲಿನ ಮುಂದೆ ಕೂತಳು. ಕೂತು ಬಹಳ ಯೋಚಿಸಿದಳೆಂದೇನೂ ಅಲ್ಲ, ರೋಸಿಹೋಗಿತ್ತು. ಮೇನ್ ಲೈನಿನ ಆರೋಗ್ಯವನ್ನು ಮೊದಲು ಪರೀಕ್ಷಿಸಿದಳು, ಒಂದು ಕಳಂಕವಿಲ್ಲ. ಆಜ್ಞೆಯನ್ನು ಟೈಪು ಮಾಡಿದಳು. ‘ಖಚಿತವೇ?’ ಎಂದು ಯಂತ್ರ ಕೇಳಿತು. ಖಚಿತ ಅಂದರೆ ಏನು, ಈ ಮುದಿ ಯಂತ್ರವೂ ತನ್ನ ಮಾತ್ರೆ ವಿಚಾರಿಸುತ್ತಿದೆಯೇ? ಗುಂಡಿ ಒತ್ತಿದಳು. ಬೀರುವಿನಲ್ಲಿ ಬದಲಿ ಕಾರ್ಡಿನ ದೀಪ ನಿಂತು, ಮೇನ್ ಕಾರ್ಡಿನ ದೀಪ ಮಿಂಚತೊಡಗಿತು. ಅಷ್ಟೆ. ಎಲ್ಲೋ ಯಾರೋ ಯಾರಿಗೋ ಹೇಳುತ್ತಿದ್ದ ಮಾತು ಒಂದು ಅಕ್ಷರ ತಪ್ಪದೆ ದಾಟಿಕೊಂಡಿತ್ತು. ಅವಳು ಎದ್ದು ಬೀರುವಿನ ಬಳಿ ಹೋದಳು. ಆ ದೀಪದ ಎದುರು ನಿಂತು, ನಾಚಿಕೆಯಿಲ್ಲದೆ, ಗಟ್ಟಿಯಾಗಿ ‘ಹೊರು’ ಅಂದಳು.

ಯಂತ್ರ ಚಾಡಿ ಹೇಳದೆ ಬಿಡುತ್ತದೆಯೇ? ಸಾಹೇಬರ ಮೊಬೈಲಿಗೆ ಮೆಸೇಜು ಹೋಗಿತ್ತು. ಅವರು ಊಟದ ಕೈ ತೊಳೆದು ನೇರ ಮಷೀನ್ ರೂಮಿಗೆ ಬಂದರು. ಬೈಯುತ್ತಾರೆ ಎಂದು ಅವಳು ಸೆರಗು ಬಿಗಿದು ತಯಾರಾದಳು. ಒಳಗೊಳಗೇ ಒಂಥರಾ ಹುರುಪೂ ಬಂತು. ಬೈಯಲಿ, ಮೆಮೋ ಕೊಡಲಿ, ಅವಳಿಗೂ ಬಾಯಿದೆ. ಸಾಹೇಬರು ಅವಳ ಕಡೆ ನೋಡಲೇ ಇಲ್ಲ. ಸದ್ಯಕ್ಕೆಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ‘ಏನ್ರೀ, ಅವರನ್ನ ಸ್ವಲ್ಪ ನೋಡ್ಕೋಬಾರದಾ?’ ಅಂದರು. ಅವಳು ಅಲ್ಲೇ ಇದ್ದಳು, ಕೈಯಳತೆಯಲ್ಲಿ. ಸದ್ಯಕ್ಕೆ ‘ಸಾರಿ ಸಾರ್’ ಅಂದ. ಅವಳು ಮಾಡಿದ ತಪ್ಪಿಗೂ ಅವನೇ ಬದಲಿ. ‘ಆಗಿದ್ದು ಆಯ್ತು, ಈಗ ಮತ್ತೆ ಮುಟ್ಟಬೇಡಿ, ಅಲ್ಲೇ ಇರ್ಲಿ’ ಎಂದು ಸಾಹೇಬರು ಹೊರಟುಹೋದರು.

ಅಷ್ಟರಲ್ಲಿ ಗಂಡನ ಫೋನು. ದನಿಯಲ್ಲಿ ಆ ಹಾಳು ಸಕ್ಕರೆ. ‘ಗಾಬರಿ ಆಗ್ಬೇಡ, ಏನೂ ಇಲ್ಲ. ಸ್ಕೂಲಲ್ಲಿ ಪುಟ್ಟಿ ಮೆಟ್ಟಿಲ ಮೇಲೆ ಬಿದ್ಲಂತೆ, ಗಲ್ಲಕ್ಕೆ ಸ್ವಲ್ಪ ಪೆಟ್ಟು. ಹೊಲಿಗೆ ಹಾಕಿಸಿದ್ದೂ ಆಯ್ತು.’ ‘ಯಾವಾಗ?’ ‘ಬೆಳಿಗ್ಗೇನೇ. ಸ್ಕೂಲಿನವರು ನಿಮ್ಮಕ್ಕಂಗೆ ಫೋನ್ ಮಾಡಿದ್ರು, ಅವರೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಮನೆಗೂ ಕರ್ಕೊಂಡು ಬಂದ್ರು.’ ‘ನನಗ್ಯಾಕೆ ಮಾಡ್ಲಿಲ್ಲ?’ ‘ನೀನು ಹುಷಾರಿಲ್ಲದಾಗ ಸ್ಕೂಲಲ್ಲಿ ನಂಬರು ಬದಲಾಯಿಸಿದ್ವಲ್ಲ. ಮತ್ತೆ ಬದಲಾಯಿಸೋದು ಮರೆತುಹೋಯ್ತು. ಅದಕ್ಕೇನೀಗ, ಎಲ್ಲಾ ಸರಿಯಾಗಿ ಆಯ್ತಲ್ಲ.’ ಎಲ್ಲಾ ಸರಿಯಾಗಿ ಆಯ್ತಲ್ಲ! ಮಗುವಿನ ಗಲ್ಲದಲ್ಲಿ ಸೂಜಿ ಓಡುತ್ತಿದ್ದಾಗ ಅವಳು ಸಾಹೇಬರ ಕೋಣೆಯಲ್ಲಿ ಕೇಬಲ್ಲಿನ ಪರವಾಗಿ ವಾದಿಸುತ್ತಿದ್ದಳು. ಸದ್ಯಕ್ಕೆಗೆ ಒಂದು ಮಾತು ಹೇಳಿ ಬ್ಯಾಗು ಎತ್ತಿಕೊಂಡಳು. ಬಸ್ಸು ಪ್ರತಿ ಸಿಗ್ನಲ್ಲಿಗೂ ನಿಂತು ನಿಂತು ಜೀವ ತಿಂದಿತು. ಪಕ್ಕದಲ್ಲಿದ್ದ ಹೆಂಗಸು ಮೊಬೈಲಿನಲ್ಲಿ ಯಾರಿಗೋ ಕುಕ್ಕರು ಎಷ್ಟು ಸಲ ಕೂಗಬೇಕೆಂದು ಕಿರುಚಿ ಕಿರುಚಿ ಹೇಳುತ್ತಿದ್ದಳು. ಆ ಕಿರುಚಾಟದ ಮೇಲೆ ಅವಳಿಗೆ ಎಲ್ಲಿಲ್ಲದ ಹೊಟ್ಟೆಕಿಚ್ಚಾಯಿತು.

ಮನೆಯಲ್ಲಿ ಮಗಳು ಅಕ್ಕನ ತೊಡೆಯ ಮೇಲೆ ಕೂತಿದ್ದಳು, ಗಲ್ಲಕ್ಕೆ ಬಿಳಿ ಪಟ್ಟಿ, ಯೂನಿಫಾರ್ಮಿನ ಕಾಲರಿನಲ್ಲಿ ಒಣಗಿದ ರಕ್ತ. ‘ನಂಗೆ ನೋವಾಗ್ತಿದೆ ದೊಡ್ಡಮ್ಮಾ, ಆ ಡಾಕ್ಟ್ರು ಕೆಟ್ಟವ್ರು’ ಎಂದು ಅಳುಬುರುಕಿಯಾಗಿ ಹಟಮಾಡುತ್ತಿದ್ದವಳು ಬಾಗಿಲಲ್ಲಿ ಅಮ್ಮನನ್ನು ಕಂಡದ್ದೇ ಗಕ್ಕನೆ ಸುಮ್ಮನಾದಳು. ಕಣ್ಣೊರೆಸಿಕೊಂಡಳು. ಅಕ್ಕನ ತೊಡೆಯಿಂದ ಇಳಿದು ನೆಟ್ಟಗೆ ನಿಂತು, ‘ಏನಿಲ್ಲಮ್ಮ, ಸ್ವಲ್ಪ ಅಷ್ಟೆ’ ಎಂದಳು. ಆಮೇಲೆ, ಅಪ್ಪನ ದನಿಯನ್ನೇ ಸಕ್ಕರೆಯ ಸಮೇತ ಇಳಿಸಿಕೊಂಡು, ‘ನೀನು ಟೆನ್ಶನ್ ಮಾಡ್ಕೋಬೇಡ’ ಎಂದಳು.

ಅಲ್ಲಿಗೆ ಅವಳ ಕಟ್ಟೆ ಒಡೆಯಿತು. ‘ಇವಳ ಬಾಯಿಗೂ ಹಾಕಿಬಿಟ್ರಾ ಆ ಮಾತನ್ನ? ನಾನೇನು ಗಾಜಿನ ಲೋಟನಾ? ಮಗಳ ಮುಖದಲ್ಲಿ ರಕ್ತ ಸುರೀತಿದ್ರೂ ನನಗೆ ಹೇಳೋರಿಲ್ಲ. ಸಕ್ಕರೆ ಎಲ್ಲಿದೆ ಅಂತ ನಾನು ಕೇಳ್ಬೇಕು, ಮಗಳ ತಲೆ ಮುಟ್ಟೋಕೆ ನಾನು ಅಪ್ಪಣೆ ಕೇಳ್ಬೇಕು! ಸಾಕು ಅಕ್ಕ. ಸಾಕು. ನೀನು ಹೋಗು. ನಿನ್ನ ಮನೆಗೆ ಹೋಗು ನೀನು.’ ಅಕ್ಕ ಸೀರೆಯ ಮಡಿಲನ್ನು ಕೊಡವಿಕೊಂಡು ನಿಧಾನವಾಗಿ ಎದ್ದಳು. ‘ಅಬ್ಬಾ’ ಅಂದಳು. ‘ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತೇನೇ ನಿಂಗೆ?’

ಒಳಗೆ ಹೋಗಿ ಮಂಚದ ಕೆಳಗಿನಿಂದ ಬ್ಯಾಗು ಎಳೆದಳು. ಅದು ತುಂಬಿಯೇ ಇತ್ತು. ‘ನೀನು ಡ್ಯೂಟಿಗೆ ಹೋದ ವಾರಾನೇ ಕಟ್ಟಿಟ್ಟಿದ್ದೆ. ನಾನಾಗೇ ಹೊರಟ್ರೆ ನಡುನೀರಲ್ಲಿ ಕೈಬಿಟ್ಟ ಹಾಗಾಗುತ್ತೆ, ನೀನಾಗೇ ಹೇಳ್ಲಿ ಅಂತ ಕಾದೆ. ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ ದಿನಾ ಕಾಯೋದು. ನನ್ನ ಗಿರಾಕಿಗಳೆಲ್ಲ ಎದುರಂಗಡಿಯವನ ಪಾಲಾದ್ರು. ಮಷೀನು ಏನಾಗಿದೆಯೋ, ಎಣ್ಣೆ ಕಾಣದೆ.’ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೈಯಾರೆ ಆಜ್ಞೆ ಕೊಟ್ಟರೆ ಮಾತ್ರ ಮರಳಲಿ ಎಂದು ವಾದಿಸಿ ಗೆದ್ದವಳು, ಮನೆಯಲ್ಲಿ ಕೈಕಟ್ಟಿಕೊಂಡು ಕೂತು, ತಾನಾಗಿ ಮರಳುತ್ತಿಲ್ಲವೆಂದು ಎಲ್ಲರ ಮೇಲೂ ಹಲ್ಲು ಕಡಿಯುತ್ತಿದ್ದಳು. ಯಾಕೆ ಹೇಳಲಿಲ್ಲ? ಹೇಳಿದರೆ ಹೊರಬೇಕಲ್ಲ, ಅದಕ್ಕೆ. ‘ಊಟ ಮಾಡ್ಕೊಂಡು ಹೋಗು ಅಕ್ಕ’ ಎಂದಳು, ಹೇಳಲು ಬೇರೇನೂ ತೋಚದೆ. ಅಕ್ಕನಿಗೆ ನಗು ಬಂತು, ಕಣ್ಣೂ ತುಂಬಿತು. ‘ಅಡುಗೆ ನಾನೇ ಮಾಡಿದ್ದು ಕಣೇ. ಬಸ್ಸು ತಪ್ಪುತ್ತೆ.’ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ತಲೆಯೆತ್ತದೆ, ‘ಹೇಳೋದನ್ನ ಸ್ವಲ್ಪ ಮೆತ್ತಗೆ ಹೇಳ್ಬಹುದಿತ್ತು’ ಎಂದಳು. ಅವಳು ಬ್ಯಾಗನ್ನು ಎತ್ತಿ ಅಕ್ಕನ ಕೈಗೆ ಕೊಟ್ಟಳು.

ಯಂತ್ರದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ ಮನೆಯಲ್ಲಿ ಇಡೀ ಸಂಜೆ ನಡೆಯಿತು. ಮಗಳು ಕಿಟಕಿಯ ಬಳಿ ಕೂತವಳು ಅಲ್ಲಾಡಲಿಲ್ಲ. ಹಾಲು ಬೇಡ, ಬಿಸ್ಕತ್ತು ಬೇಡ, ಬಟ್ಟೆ ಬದಲಿಸುವುದೂ ಬೇಡ. ಎಲ್ಲಕ್ಕೂ ‘ಪರವಾಗಿಲ್ಲಮ್ಮ’. ಅವಳು ಬೇಳೆ ಹುಡುಕಿದಳು, ಉಪ್ಪು ಹುಡುಕಿದಳು, ಸಿಟ್ಟಿನಿಂದ ಒಂದೊಂದೇ ಡಬ್ಬವನ್ನು ಮೇಲಿನ ಗೂಡಿಗೆ ಏರಿಸಿದಳು, ಕೈ ಸುಟ್ಟುಕೊಂಡಳು. ಕೈಯನ್ನು ನಲ್ಲಿಗೆ ಒಡ್ಡಿ ನಿಂತಿದ್ದಾಗ ಹಿಂದೆ ಬಾಗಿಲಲ್ಲಿ ಮಗಳು ಬಂದು ನಿಂತದ್ದು ಗೊತ್ತಾಯಿತು. ಅವತ್ತೂ ಮಗು ಹೀಗೆಯೇ ಬಾಗಿಲಲ್ಲಿ ನಿಂತಿತ್ತು. ಅವಳು ನಲ್ಲಿಯನ್ನು ಹಾಗೇ ಬಿಟ್ಟು ತಟ್ಟನೆ ತಿರುಗಿದಳು.

‘ಅಮ್ಮಾ, ನೀನು ಮತ್ತೆ ಗೋಡೆ ಕಡೆ ತಿರುಗಿ ಮಲಗಿಬಿಟ್ರೆ?’

ಇಲ್ಲ, ಇನ್ಯಾವತ್ತೂ ಮಲಗಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು. ಯಾವ ಲೈನಿನ ಬಗ್ಗೆಯೂ ಅವಳು ಅಂಥ ಮಾತು ಕೊಟ್ಟವಳಲ್ಲ. ಲೈನುಗಳು ಕಡಿಯುತ್ತವೆ. ‘ಗೊತ್ತಿಲ್ಲ ಪುಟ್ಟಿ’ ಎಂದಳು. ‘ಮಲಗಲ್ಲ ಅಂತ ಅಂದ್ಕೊಂಡಿದೀನಿ. ಅವತ್ತು ನೀನು ಕರೆದಿದ್ದು ನಂಗೆ ಕೇಳಿಸಿತ್ತು. ತಿರುಗೋಕೆ ಆಗ್ಲಿಲ್ಲ.’ ಮಗಳು ಅವಳ ಮುಖವನ್ನೇ ನೋಡಿದಳು. ‘ಹಾಗೇನಾದ್ರೂ ಆದ್ರೆ ನೀನೇ ದೊಡ್ಡಮ್ಮಂಗೆ ಫೋನ್ ಮಾಡು. ಬರ್ತಾಳೆ.’ ‘ನೀನು ಬೈದಿದೀಯಲ್ಲ. ಬರದೇ ಇದ್ರೆ?’ ನ್ಯಾಯವಾದ ಪ್ರಶ್ನೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಮೊಬೈಲು ತೆಗೆದು ಮಗಳ ಕೈಗೆ ಕೊಟ್ಟು, ‘ಕೇಳಿನೋಡು’ ಎಂದಳು.

ಮಗಳು ಸ್ಪೀಕರು ಹಾಕಿದಳು. ಆ ಕಡೆ ಬಸ್ಸಿನ ಗಡಗಡ, ಯಾರದೋ ಮಗುವಿನ ಅಳು. ‘ದೊಡ್ಡಮ್ಮಾ, ಅಮ್ಮ ಮತ್ತೆ ಮಲಗಿಬಿಟ್ರೆ ನೀನು ಬರ್ತೀಯಾ?’ ‘ಏನೇ? ಮಲಗಿಬಿಟ್ಲಾ?’ ‘ಇಲ್ಲ, ಎದ್ದೇ ಇದಾಳೆ. ಸುಮ್ನೆ ಕೇಳ್ದೆ. ಬರ್ತೀಯಾ ಇಲ್ವಾ ಹೇಳು.’ ‘ಬರ್ದೇ ಏನು! ಬೀಗ ಹಾಕ್ಕೊಂಡು ಬರ್ತೀನಿ. ನಿಮ್ಮಮ್ಮ ಏನ್ಮಾಡ್ತಿದಾಳೆ?’ ‘ಕೈ ಸುಟ್ಕೊಂಡಿದಾಳೆ.’ ‘ಸುಟ್ಕೊಳ್ಲಿ. ಇಡು ಫೋನು.’

ಮಗಳು ಫೋನನ್ನು ಕಟ್ಟೆಯ ಮೇಲಿಟ್ಟಳು. ಅವಳು ನಲ್ಲಿ ನಿಲ್ಲಿಸಿದಳು, ಒಲೆಯ ಕಡೆ ತಿರುಗಿ ಬೇಳೆ ತಿರುವಿದಳು. ಬೆನ್ನಿಗೆ ಒಂದು ಪುಟ್ಟ ಗುದ್ದು ಬಿತ್ತು.

‘ಅಮ್ಮಾ, ಹಸಿವು! ಎಷ್ಟು ಸಲ ಹೇಳ್ಬೇಕು ನಿಂಗೆ?’

ಹೇಳಿದ್ದು ಅದೇ ಮೊದಲು. ‘ಇರೇ, ಬಂದೆ!’ ಎಂದು ಅವಳು ಒಲೆಯ ಕಡೆಯಿಂದಲೇ ಗದರಿದಳು. ‘ಎರಡೇ ಕೈ ಇರೋದು ನಂಗೆ. ತಟ್ಟೆ ತಗೊಂಡು ಬಾ.’